‘ಬನ್ನಿ ಸರ್’, ‘ಬಾ ಅಜ್ಜ’

ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೆಲಸ ಮಾಡುವವರಿಗೆ ಎದುರು ನಿಂತವರ ವಯಸ್ಸನ್ನು ಊಹಿಸುವ ಅಗತ್ಯವೇ ಬೀಳುವುದಿಲ್ಲ. ಆಧಾರ್ ಕಾರ್ಡು ಕೈಗೆ ಬಂದ ಕೂಡಲೇ ಹುಟ್ಟಿದ ದಿನಾಂಕ ಕಣ್ಣಿಗೆ ಬೀಳುತ್ತದೆ. ಹಳ್ಳಿಗಳಿಂದ ಬರುವ ಹಿರಿಯರಲ್ಲಿ ಎಷ್ಟೋ ಜನರದು ಜನವರಿ 1. ಇಸವಿಯನ್ನಷ್ಟೇ ಅಂದಾಜಿನಿಂದ ಹೇಳಿದವರಿಗೆಲ್ಲ ವರ್ಷದ ಮೊದಲ ದಿನವೇ ಹುಟ್ಟಿದ ದಿನವಾಗಿ ದಾಖಲಾಗಿದೆ. ಹೀಗೆ ಕಾರ್ಡುಗಳನ್ನು ನೋಡುತ್ತ ನೋಡುತ್ತ ಬಹಳ ಕಾಲದಿಂದ ನನ್ನನ್ನು ಕಾಡುತ್ತಿರುವ ಸಂಗತಿಯೊಂದಿದೆ. ಒಂದೇ ಇಸವಿಯಲ್ಲಿ ಹುಟ್ಟಿದ ಇಬ್ಬರು ಒಂದೇ ಸಾಲಿನಲ್ಲಿ ಹಿಂದೆ ಮುಂದೆ ನಿಂತಿರುತ್ತಾರೆ. ಪ್ಯಾಂಟು ಹಾಕಿ, ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ಬಂದವರಿಗೆ ಕೌಂಟರಿನಿಂದ ಹೋಗುವ ಮಾತು ‘ಹೇಳಿ ಸರ್’. ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿ, ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದವರಿಗೆ ಹೋಗುವ ಮಾತು ‘ಏನಜ್ಜ?’

‘ಅಜ್ಜ’ ಎನ್ನುವುದರಲ್ಲಿ ಅವಮಾನವೇನೂ ಇಲ್ಲ. ಅದು ಮನೆಯ ಮಾತು, ಪ್ರೀತಿಯ ಮಾತು. ಆದರೆ ಆ ಮನೆಯ ಮಾತು ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಏಕೆ ಸಲ್ಲುತ್ತದೆ? ಎಂಬತ್ತು ದಾಟಿದ ನಿವೃತ್ತ ಪ್ರಾಧ್ಯಾಪಕರನ್ನು ನಮ್ಮಲ್ಲಿ ಯಾರೂ ಅಜ್ಜ ಎಂದು ಕರೆಯುವುದಿಲ್ಲ. ಅರವತ್ತೂ ತುಂಬದ ರೈತನನ್ನು ಬಿಸಿಲಿಗೆ ಬೆಂದ ಮುಖ ನೋಡಿಯೇ ಅಜ್ಜನನ್ನಾಗಿ ಮಾಡಿಬಿಡುತ್ತಾರೆ. ಓದಿದವರ, ನೌಕರಿ ಮಾಡಿದವರ ಮುಪ್ಪು ಇನ್ನೊಬ್ಬರ ಬಾಯಲ್ಲಿ ಹದಿನೈದು ಇಪ್ಪತ್ತು ವರ್ಷ ತಡವಾಗಿ ಶುರುವಾಗುತ್ತದೆ. ಇದನ್ನು ಯಾರೂ ಕೂತು ತೀರ್ಮಾನಿಸಿದ್ದಲ್ಲ, ಯಾವ ಸುತ್ತೋಲೆಯೂ ಹೇಳಿದ್ದಲ್ಲ. ಆದರೂ ಅದು ದಾವಣಗೆರೆಯ ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ನಮ್ಮ ಅಂಚೆ ಕಚೇರಿಯಲ್ಲಿ ಒಂದೇ ರೀತಿಯಲ್ಲಿ ನಡೆಯುತ್ತದೆ.

ನನಗೂ ನಿವೃತ್ತಿ ಹತ್ತಿರವಾಗಿದೆ. ಇಷ್ಟು ವರ್ಷ ನನ್ನನ್ನು ಊರಿನವರು ಕರೆದ ‘ಮೇಡಂ’ ಎಂಬ ಮಾತು ನನ್ನದಲ್ಲ, ನಾನು ಕೂತ ಕುರ್ಚಿಯದು ಎಂಬುದು ನನಗೆ ಚೆನ್ನಾಗಿ ಗೊತ್ತು. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಕುರ್ಚಿ ಬಿಟ್ಟರೆ ಆ ಮಾತನ್ನೂ ಅಲ್ಲಿಯೇ ಬಿಟ್ಟು ಬರಬೇಕು. ಆ ಮೇಲೆ ಜನ ನನ್ನನ್ನು ಏನೆಂದು ಕರೆಯುತ್ತಾರೆ, ಹಾಗೆ ಕರೆದಾಗ ನನಗೆ ಏನನ್ನಿಸುತ್ತದೆ ಎಂದು ಯೋಚಿಸುತ್ತ, ಕೌಂಟರಿಗೆ ಬರುವ ಹಿರಿಯರ ಮುಖವನ್ನು ಮೊದಲಿಗಿಂತ ಹೆಚ್ಚು ಗಮನಿಸತೊಡಗಿದ್ದೇನೆ. ಚಿತ್ರದುರ್ಗದಲ್ಲಿರುವ ನನ್ನ ಅಣ್ಣ ಅರವತ್ತೈದು ದಾಟಿದವರು. ಅರವತ್ತು ತುಂಬಿದವರಿಗೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಟಿಕೆಟ್ ದರದ ಮೇಲೆ ಶೇಕಡಾ 25ರಷ್ಟು ರಿಯಾಯಿತಿ ಇದೆ. ಅವರು ಮಾತ್ರ ದುರ್ಗದಿಂದ ಇಲ್ಲಿಗೆ ಬರುವಾಗಲೆಲ್ಲ ಪೂರ್ತಿ ದುಡ್ಡು ಕೊಟ್ಟೇ ಟಿಕೆಟ್ ತೆಗೆದುಕೊಳ್ಳುತ್ತಾರೆ. ನಾನು ಕೇಳಿದ್ದಕ್ಕೆ, ‘ಒಮ್ಮೆ ಕಾರ್ಡು ತೋರಿಸಿದೆ ಅಂದ್ರೆ ಆಮೇಲೆ ಇಳಿಯೋ ತನಕ ಆ ಕಂಡಕ್ಟರ್ ನನ್ನ ಅಜ್ಜಾ ಅಜ್ಜಾ ಅಂತಾನೆ ಇರ್ತಾನೆ’ ಎಂದರು. ಅಣ್ಣನಿಗೆ ಮೊಮ್ಮಕ್ಕಳಿದ್ದಾರೆ, ಅವರು ಅಜ್ಜ ಎಂದು ಕರೆದರೆ ಊಟ ಬಿಟ್ಟು ಎದ್ದು ಹೋಗುತ್ತಾರೆ. ಅವರಿಗೆ ಬೇಡವಾಗಿರುವುದು ಅಜ್ಜನಾಗುವುದಲ್ಲ, ಪರಿಚಯವಿಲ್ಲದವರಿಗೂ ಅಜ್ಜನಾಗುವುದು.

ಹೆಸರಿನೊಳಗೇ ಇದ್ದ ಮರ್ಯಾದೆ

ಹಿಂದಿನ ತಲೆಮಾರಿನವರ ಪಾಸ್‌ಬುಕ್ಕುಗಳನ್ನು ತೆರೆದರೆ ಬಸಪ್ಪ, ಹಾಲಪ್ಪ, ಓಬಣ್ಣ, ರುದ್ರಯ್ಯ, ಗೌರಮ್ಮ, ಹನುಮಕ್ಕ, ತಿಪ್ಪೇಸ್ವಾಮಿ ಇಂಥ ಹೆಸರುಗಳೇ ಸಾಲಾಗಿ ಸಿಗುತ್ತವೆ. ನಮ್ಮ ಸೀಮೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನವೇ ಅದರ ಹೆಸರಿನ ಕೊನೆಗೆ ಅಪ್ಪನನ್ನೋ ಅಣ್ಣನನ್ನೋ ಅಮ್ಮನನ್ನೋ ಸೇರಿಸಿಬಿಡುತ್ತಿದ್ದರು. ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಹೆಣ್ಣುಮಗಳು ನಮಗೆ ಇಂದಿಗೂ ಓಬವ್ವ. ಚಿತ್ರದುರ್ಗದಲ್ಲಿ ನೆಲೆಸಿದ್ದ ಮುಖ್ಯಮಂತ್ರಿ ನಿಜಲಿಂಗಪ್ಪನವರ ಹೆಸರಿನಲ್ಲಿ ಹುಟ್ಟಿನಿಂದ ಬಂದ ಅಪ್ಪನೂ ಇದ್ದಾನೆ, ಜನ ಸೇರಿಸಿದ ‘ಅವರು’ ಕೂಡ ಇದೆ. ಇಂಥ ಹೆಸರಿನವರಿಗೆ ವಯಸ್ಸಾದಾಗ ಹೊಸ ಬಿರುದು ಹುಡುಕುವ ಕಷ್ಟ ಯಾರಿಗೂ ಇರಲಿಲ್ಲ. ಚಿಕ್ಕವನಿದ್ದಾಗ ‘ಬಸಪ್ಪಾ ಬಾರೋ’ ಎನ್ನಿಸಿಕೊಂಡವನು ಮುದುಕನಾದಾಗ ‘ಬಸಪ್ಪಾರೇ ಬನ್ನಿ’ ಎನ್ನಿಸಿಕೊಳ್ಳುತ್ತಿದ್ದ. ಹೆಸರು ಹಾಗೆಯೇ ಉಳಿಯುತ್ತಿತ್ತು. ಈಗಿನವರ ಹೆಸರು ಕಿರಣ, ಕಾವ್ಯ, ಸುನಿಲ, ಶ್ವೇತಾ. ಕೇಳಲು ಚೆಂದವಾಗಿವೆ, ಆದರೆ ಅವರಿಗೆ ಅರವತ್ತಾದಾಗ ಊರಿನ ಹುಡುಗರು ಆ ಹೆಸರನ್ನು ಬರಿದಾಗಿ ಹಿಡಿದು ಕರೆಯಲಾರರು. ಆಗ ಹೆಸರನ್ನು ಬಿಟ್ಟು ಸರ್, ಮೇಡಂ, ಅಂಕಲ್, ಆಂಟಿಗಳ ಮೊರೆ ಹೋಗುವುದು ಅನಿವಾರ್ಯವಾಗುತ್ತದೆ. ನಮ್ಮ ಕಾಲದಲ್ಲಿ ಈ ಪದಗಳು ಇಷ್ಟೊಂದು ಹಬ್ಬಿರುವುದಕ್ಕೆ ಇಂಗ್ಲಿಷ್ ವ್ಯಾಮೋಹವೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ನಾವು ಇಟ್ಟ ಹೆಸರುಗಳಲ್ಲಿಯೇ ಮರ್ಯಾದೆಗೆ ಜಾಗ ಉಳಿಯಲಿಲ್ಲ.

ದಾವಣಗೆರೆಯವರಿಗೆ ಇನ್ನೊಂದು ಅನುಕೂಲವಿದೆ. 1997ರಲ್ಲಿ ಜಿಲ್ಲೆಯಾದಾಗ ಚಿತ್ರದುರ್ಗದ ಕಡೆಯ ತಾಲ್ಲೂಕುಗಳ ಜೊತೆಗೆ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಬಳ್ಳಾರಿಯಿಂದ ಹರಪನಹಳ್ಳಿಯೂ ಬಂದು ಸೇರಿದವು. ಹರಪನಹಳ್ಳಿ 2018ರಲ್ಲಿ ಮರಳಿ ಬಳ್ಳಾರಿಗೆ ಹೋಗಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದರೂ ಅಲ್ಲಿಯ ಜನ ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಬರುವುದು ಇಲ್ಲಿಗೇ. ಹಾಗಾಗಿ ಉತ್ತರದ ‘ಏನ್ರೀ’, ‘ಯಪ್ಪಾ’, ‘ಕಾಕಾ’, ‘ಅಕ್ಕಾರೇ’ ಮತ್ತು ಮೈಸೂರು ಸೀಮೆಯ ‘ಸ್ವಾಮಿ’, ‘ಬುದ್ಧಿ’, ‘ಅಮ್ಮಾವ್ರೇ’ ಎಲ್ಲವೂ ನಮ್ಮ ಮಂಡಿಪೇಟೆಯ ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತವೆ. ಇಷ್ಟು ಸಂಪತ್ತನ್ನು ಕೈಯಲ್ಲಿಟ್ಟುಕೊಂಡೂ ಹಿರಿಯರನ್ನು ಕರೆಯುವಾಗ ನಾವು ಬರೀ ಎರಡು ಮೂರು ಪದಗಳಿಗೆ ಬಂದು ನಿಂತಿದ್ದೇವೆ. ‘ಅಯ್ಯಾ’ ಎನ್ನುವುದನ್ನೇ ಸ್ವರ್ಗವೆಂದು, ‘ಎಲವೋ’ ಎನ್ನುವುದನ್ನೇ ನರಕವೆಂದು ಎಣಿಸಿದ ಹನ್ನೆರಡನೆಯ ಶತಮಾನದ ಶರಣರನ್ನು ದಿನಬೆಳಗಾದರೆ ನೆನೆಯುವ ಸೀಮೆ ಇದು. ಶರಣರು ಅದನ್ನು ವಯಸ್ಸಾದವರಿಗೆ ಮಾತ್ರ ಹೇಳಲಿಲ್ಲ. ಎದುರು ಬಂದವರೆಲ್ಲರಿಗೂ ಹೇಳಿದರು.

ಸಹಿ ಯಾರದು

ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಖಾತೆಗೆ ಐದು ವರ್ಷದ ಅವಧಿ. ಅದು ಮುಗಿದ ಮೇಲೆ ಬೇಕಾದರೆ ಮೂರು ವರ್ಷ ಮುಂದುವರಿಸಬಹುದು. ಹಾಗೆ ಮುಂದುವರಿಸಲು ಒಬ್ಬ ತಾಯಿ ಮಗನ ಜೊತೆಯಲ್ಲಿ ಬಂದಿದ್ದರು. ಆಕೆ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು ಎಂದು ನನಗೆ ಗೊತ್ತಿತ್ತು. ನಮ್ಮ ಬೀದಿಯ ಅರ್ಧ ಜನ ಅವರ ಕೈಯಲ್ಲಿ ಓದಿದವರು, ಅವರನ್ನು ಇಂದಿಗೂ ಅಕ್ಕೋರು ಎಂದೇ ಕರೆಯುತ್ತಾರೆ. ಆ ದಿನ ಉಳಿತಾಯದ ಕೌಂಟರಿನಲ್ಲಿದ್ದವನು ಕೆಲಸಕ್ಕೆ ಸೇರಿ ವರ್ಷವಾಗದ ಹುಡುಗ, ಒಳ್ಳೆಯ ಸ್ವಭಾವದವನು. ಆಕೆ ಕೋಲೂರಿಕೊಂಡು ಬರುವುದನ್ನು ನೋಡಿದ ಕೂಡಲೇ ಎದ್ದು ಒಳಗಿನ ಕುರ್ಚಿಯೊಂದನ್ನು ತಂದು ಹಾಕಿದ. ‘ಕೂತ್ಕೊಳ್ಳಿ ಅಜ್ಜಿ’ ಎಂದ. ಫಾರಂ ತೆಗೆದುಕೊಂಡು ಎಲ್ಲವನ್ನೂ ತಾನೇ ತುಂಬಿದ. ನಾಮಿನಿ ಯಾರು, ಬಡ್ಡಿ ಯಾವ ಖಾತೆಗೆ ಹೋಗಬೇಕು, ಮೊಬೈಲ್ ನಂಬರ್ ಬದಲಾಗಿದೆಯೇ ಎಂಬುದನ್ನೆಲ್ಲ ಮಗನನ್ನು ಕೇಳಿದ. ಕೊನೆಗೆ ಫಾರಂ ತಿರುಗಿಸಿ, ಇಂಕ್ ಪ್ಯಾಡಿನ ಮುಚ್ಚಳ ತೆಗೆಯುತ್ತ, ‘ಸರ್, ಅಜ್ಜಿಯವರು ಸಹಿ ಮಾಡ್ತಾರಾ, ಹೆಬ್ಬೆಟ್ಟು ಹಾಕ್ತಾರಾ?’ ಎಂದು ಮಗನನ್ನೇ ಕೇಳಿದ.

ಅಕ್ಕೋರು ಕುರ್ಚಿಯಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ‘ಅಪ್ಪಾ, ಮೂವತ್ತು ವರ್ಷ ಹುಡುಗರ ಕೈ ಹಿಡಿದು ಅಕ್ಷರ ತಿದ್ದಿಸೀನಿ. ಸಹಿ ನಂದು. ಕೇಳೋದನ್ನ ನನ್ನ ಕೇಳು’ ಎಂದರು. ಚೀಲದಿಂದ ತಮ್ಮದೇ ಪೆನ್ನು ತೆಗೆದು, ಕ್ಯಾಪನ್ನು ಪೆನ್ನಿನ ಹಿಂಬದಿಗೆ ಸಿಕ್ಕಿಸಿ, ಫಾರಮ್ಮಿನ ಮೂರು ಕಡೆ ನಿಧಾನವಾಗಿ, ಒತ್ತಕ್ಷರವನ್ನೂ ಬಿಡದೆ ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಆಮೇಲೆ ನಾಮಿನಿಯ ಸಾಲಿನ ಮೇಲೆ ಬೆರಳಿಟ್ಟು, ‘ಇಲ್ಲಿ ಇವನ ಹೆಸರೊಂದೇ ಬರೆದೀಯ. ನನಗೆ ಮಗಳೂ ಅದಾಳೆ, ಅವಳದೂ ಬರಿ’ ಎಂದರು. ಮಗ ಏನೂ ಮಾತಾಡಲಿಲ್ಲ. ಹುಡುಗ ಎರಡನೆಯ ಹೆಸರನ್ನು ಬರೆದುಕೊಂಡ.

ಆ ಘಟನೆಯನ್ನು ನಾನು ಮತ್ತೆ ಮತ್ತೆ ನೆನೆಯುವುದಕ್ಕೆ ಕಾರಣವಿದೆ. ಆ ಹುಡುಗನ ಮಾತಿನಲ್ಲಿ ವ್ಯಾಕರಣದ ದೃಷ್ಟಿಯಿಂದ ಒಂದು ಕುಂದನ್ನೂ ತೋರಿಸಲಾಗದು. ಅಜ್ಜಿಯವರು ಎಂದ, ಮಾಡ್ತಾರಾ ಎಂದ, ಕೂತ್ಕೊಳ್ಳಿ ಎಂದ, ಎಲ್ಲವೂ ಬಹುವಚನವೇ. ಕುರ್ಚಿಯನ್ನೂ ಕೊಟ್ಟ. ಆದರೆ ಆಕೆಯ ದುಡ್ಡು, ಆಕೆಯ ಖಾತೆ, ಆಕೆಯ ಮಕ್ಕಳ ವಿಷಯವನ್ನು ಆಕೆಯ ಎದುರಿನಲ್ಲಿಯೇ ಇನ್ನೊಬ್ಬರೊಂದಿಗೆ ಮಾತಾಡಿ ಮುಗಿಸುತ್ತಿದ್ದ. ಮಗಳ ಹೆಸರು ಬಿಟ್ಟುಹೋಗಿದ್ದೂ ಅದರಿಂದಲೇ. ವಯಸ್ಸಾದವರನ್ನು ನೋಯಿಸುವುದು ಅಜ್ಜಿ ಎಂಬ ಪದವಲ್ಲ, ಆ ಪದ ಬಂದ ಮೇಲೆ ಮಾತು ಅವರನ್ನು ಬಿಟ್ಟು ಪಕ್ಕದಲ್ಲಿ ನಿಂತವರ ಕಡೆ ಹೊರಳಿಬಿಡುವುದು ಎಂದು ನನಗೆ ಖಚಿತವಾದದ್ದು ಆಗ. ‘ಮೇಡಂ’ ಎಂದು ಶುರುವಾದ ಮಾತಿನ ಕೊನೆಗೆ ಒಂದು ಪ್ರಶ್ನೆ ಇರುತ್ತದೆ: ಏನು ಬೇಕಿತ್ತು, ಎಷ್ಟು ಹಾಕಬೇಕು, ಯಾರ ಹೆಸರಿಗೆ? ‘ಅಜ್ಜಿ’ ಎಂದು ಶುರುವಾದ ಮಾತಿನ ಕೊನೆಗೆ ಹೆಚ್ಚಿನ ಸಲ ಒಂದು ಅಪ್ಪಣೆ ಇರುತ್ತದೆ: ಕೂತ್ಕೊಳ್ಳಿ, ಇರಿ, ಕೈ ಕೊಡಿ, ಬಾಯಿ ತೆಗೀರಿ. ಅಪ್ಪಣೆ ಎಷ್ಟೇ ಮೃದುವಾಗಿದ್ದರೂ ಅಪ್ಪಣೆಯೇ.

ಆಸ್ಪತ್ರೆಗಳಲ್ಲಿ ಇದು ಇನ್ನೂ ಹೆಚ್ಚು. ನಮ್ಮ ಊರಿನಲ್ಲಿ ಆಸ್ಪತ್ರೆಗಳಿಗೆ ಕೊರತೆಯಿಲ್ಲ, ಸುತ್ತಲಿನ ನಾಲ್ಕಾರು ಜಿಲ್ಲೆಗಳಿಂದ ಜನ ಇಲ್ಲಿಗೇ ಬರುತ್ತಾರೆ. ಯಾವುದಾದರೂ ಹೊರರೋಗಿ ವಿಭಾಗದ ಬಾಗಿಲಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು, ‘ಅಜ್ಜಂಗೆ ಎಷ್ಟು ದಿನದಿಂದ ಕೆಮ್ಮು?’, ‘ಅಜ್ಜಿಗೆ ರಾತ್ರಿ ನಿದ್ದೆ ಬರುತ್ತಾ?’ ಎಂಬ ಪ್ರಶ್ನೆಗಳು ಸೊಸೆಗೋ ಮಗನಿಗೋ ಹೋಗುವುದು ಕೇಳುತ್ತದೆ. ಎಷ್ಟು ದಿನದ ಕೆಮ್ಮು ಎಂದು ಕೆಮ್ಮುವವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಹೊರಗೆ ಸಾಲು ಉದ್ದವಿರುತ್ತದೆ, ಕಿವಿ ಮಂದವಾದವರಿಗೆ ಎರಡೆರಡು ಸಲ ಹೇಳಬೇಕಾಗುತ್ತದೆ, ಮಗನಾದರೆ ಒಂದೇ ಮಾತಿನಲ್ಲಿ ಉತ್ತರಿಸುತ್ತಾನೆ. ಇದನ್ನೆಲ್ಲ ನಾನು ಬಲ್ಲೆ. ಸರ್ವರ್ ಕೈಕೊಟ್ಟ ದಿನ ಸಾಲಿನಲ್ಲಿ ನಿಂತವರ ಅಸಹನೆ ಏನೆಂದು ಕೌಂಟರಿನಲ್ಲಿ ಕೂತವರಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ಖಾತೆದಾರರ ಸಹಿಯೇ ಬೇಕೆಂದು ನಿಯಮ ಹೇಳುವಾಗ ಖಾತೆದಾರರನ್ನೇ ಮೊದಲು ಕೇಳುವುದು ಬರೀ ಸೌಜನ್ಯವಲ್ಲ, ನಮ್ಮ ಕೆಲಸದ ಭಾಗ.

ಎಲ್ಲಿಗೂ ಹೋಗದ ‘ಬಾ’

ಇದಿಷ್ಟೇ ಆಗಿದ್ದರೆ ಅಧಿಕಾರ, ನೌಕರಿ ಇದ್ದವರು ವಯಸ್ಸಾದ ಮೇಲೆ ಕಳೆದುಕೊಳ್ಳುವುದರ ಬಗ್ಗೆ ಮಾತ್ರ ಬರೆದು ಮುಗಿಸಬಹುದಿತ್ತು. ಕಳೆದುಕೊಳ್ಳಲು ಏನೂ ಇಲ್ಲದವರ ಕಥೆ ಬೇರೆಯಾಗಿದೆ. ಮಂಡಿಯಲ್ಲಿ ಜೀವಮಾನವಿಡೀ ಹಮಾಲಿ ಮಾಡಿದ ಒಬ್ಬ ಹಿರಿಯರು ನಮ್ಮ ಕಚೇರಿಗೆ ಬರುತ್ತಾರೆ. ಅರವತ್ತೈದು ತುಂಬಿದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಹಣ ಬಂತೋ ಇಲ್ಲವೋ ನೋಡಿಕೊಂಡು ಹೋಗುವುದು ಅವರ ರೂಢಿ. ಬೆನ್ನು ಒಂದು ಕಡೆಗೆ ವಾಲಿದೆ. ಮೆಕ್ಕೆಜೋಳದ, ಭತ್ತದ ಚೀಲಗಳನ್ನು ಒಂದೇ ಹೆಗಲ ಮೇಲೆ ಹೊತ್ತಿದ್ದರಿಂದ ಹಾಗಾಗಿದೆ ಎಂದು ಅವರೇ ಹೇಳಿದ್ದಾರೆ. ಒಮ್ಮೆ ಜನ ಕಡಿಮೆಯಿದ್ದ ಮಧ್ಯಾಹ್ನ, ಪಾಸ್‌ಬುಕ್ಕಿನ ಮುದ್ರಣ ಮುಗಿಯುವ ತನಕ ಮಾತಿಗೆ ನಿಂತರು. ಮಂಡಿಯ ಕಡೆ ಈಗಲೂ ಹೋಗುತ್ತೀರಾ ಎಂದು ಕೇಳಿದೆ. ಹೋಗುತ್ತೇನೆ, ಚಹಾ ಕುಡಿಸುತ್ತಾರೆ ಎಂದವರು, ಸ್ವಲ್ಪ ತಡೆದು ಹೇಳಿದರು: ‘ಸಾವ್ಕಾರ್ರ ಮಗ ನನ್ನ ಕಣ್ಣೆದುರಿಗೆ ಹುಟ್ಟಿ ಬೆಳೆದ ಹುಡುಗ. ಅವ್ನು ಮೊದ್ಲು ನನ್ನ ಬಾರೋ ಅಂತಿದ್ದ. ಕೂದ್ಲು ಬೆಳ್ಳಗಾದ ಮ್ಯಾಲೆ ಬಾ ಅಜ್ಜ ಅಂತಾನೆ. ಅಜ್ಜ ಬಂತು, ಆದ್ರೆ ಆ ಬಾ ಎಲ್ಲಿಗೂ ಹೋಗ್ಲಿಲ್ಲ ನೋಡ್ರಮ್ಮ.’

ಕನ್ನಡ ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಮ್ಮಗಳು ‘ಬಾ ಅಜ್ಜ’ ಎಂದಾಗ ಅದೇ ಬಾ ಎಷ್ಟು ಸಿಹಿಯಾಗಿರುತ್ತದೆ! ಹೊರಗಿನವರ ಬಾಯಲ್ಲಿ ಅದು ನೆಂಟಸ್ತನದ ಪದವೊಂದನ್ನು ಮುಂದಿಟ್ಟುಕೊಂಡು ಹಳೆಯ ಏಕವಚನವನ್ನೇ ಉಳಿಸಿಕೊಳ್ಳುವ ಉಪಾಯವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಜಾತಿಯ ಲೆಕ್ಕದಲ್ಲಿ ಇದು ತಲೆತಲಾಂತರದಿಂದ ನಡೆದುಬಂದದ್ದು. ಗೌಡರ ಮನೆಯ ಹತ್ತು ವರ್ಷದ ಹುಡುಗ ಕೇರಿಯ ಅರವತ್ತರ ಹಿರಿಯನನ್ನು ಹೆಸರು ಹಿಡಿದು, ಏಕವಚನದಲ್ಲಿ ಕೂಗುವುದನ್ನು ನಾನೇ ಚಿಕ್ಕಂದಿನಲ್ಲಿ ನೋಡಿದ್ದೇನೆ; ಆ ಹಿರಿಯ ಆ ಹುಡುಗನಿಗೆ ‘ಚಿಕ್ಕಬುದ್ಧಿ’ ಎನ್ನುತ್ತಿದ್ದ. ಅಲ್ಲಿ ವಯಸ್ಸು ಎಂಬುದಕ್ಕೆ ಕಿಮ್ಮತ್ತೇ ಇರಲಿಲ್ಲ. ಹಿರಿಯರಿಗೆ ಮರ್ಯಾದೆ ಕೊಡುವುದು ನಮ್ಮ ಸಂಸ್ಕೃತಿ ಎಂದು ವೇದಿಕೆಗಳ ಮೇಲೆ ಯಾರಾದರೂ ಹೇಳಿದಾಗಲೆಲ್ಲ, ಯಾವ ಹಿರಿಯರಿಗೆ ಎಂದು ಕೇಳಬೇಕೆನ್ನಿಸುತ್ತದೆ. ಆ ಮರ್ಯಾದೆ ಎಲ್ಲ ಹಿರಿಯರಿಗೂ ಯಾವತ್ತೂ ಸಿಕ್ಕಿರಲಿಲ್ಲ, ಇಂದೂ ಪೂರ್ತಿಯಾಗಿ ಸಿಕ್ಕಿಲ್ಲ.

ಆ ಹಮಾಲಿಯವರು ಇನ್ನೊಂದು ಮಾತನ್ನೂ ಹೇಳಿದರು. ಬಸ್ ಹತ್ತುವಾಗ ಪರಿಚಯವಿಲ್ಲದ ಕಂಡಕ್ಟರ್ ಒಬ್ಬ ‘ಯಜಮಾನ್ರೇ, ಒಳಗೆ ಬನ್ನಿ, ಸೀಟಿದೆ’ ಎಂದನಂತೆ. ಇದನ್ನು ಹೇಳುವಾಗ ಅವರ ಮುಖ ಅರಳಿತ್ತು. ಬದುಕಿಡೀ ಬೇರೆಯವರನ್ನು ಯಜಮಾನ್ರೇ ಎಂದು ಕರೆದವರಿಗೆ ಅದೇ ಮಾತು ತಮ್ಮ ಕಡೆಗೆ ಬಂದಿತ್ತು. ನಿವೃತ್ತ ಅಧಿಕಾರಿಗೆ ‘ಯಜಮಾನ್ರೇ’ ಎಂದರೆ ‘ಸರ್’ ಹೋಯಿತಲ್ಲ ಎಂದು ಮುಖ ಸಣ್ಣದಾಗುತ್ತದೆ. ಇವರಿಗೆ ಅದು ಬಹಳ ವರ್ಷಗಳಿಂದ ಬರಬೇಕಾಗಿದ್ದ ಬಾಕಿ ಬಂದ ಹಾಗಿತ್ತು. ಒಂದೇ ಪದ ಒಬ್ಬರನ್ನು ಇಳಿಸಿದಂತೆ, ಇನ್ನೊಬ್ಬರನ್ನು ಏರಿಸಿದಂತೆ ಕೇಳಿಸುವುದರಿಂದ, ವಯಸ್ಸಾದವರಿಗೆ ಗೌರವದ ಸಂಬೋಧನೆ ಇಷ್ಟವೋ ಅಲ್ಲವೋ ಎಂಬ ಪ್ರಶ್ನೆಗೆ ಒಂದೇ ಉತ್ತರ ಹುಡುಕುವುದು ವ್ಯರ್ಥವೆಂದು ನನಗೆ ತೋರುತ್ತದೆ. ಅವರು ಅದುವರೆಗೆ ಏನೆಂದು ಕರೆಸಿಕೊಂಡು ಬದುಕಿದ್ದರು ಎಂಬುದನ್ನು ಮೊದಲು ಕೇಳಬೇಕು.

ಅಕ್ಕ, ಆಂಟಿ, ಅಮ್ಮ

ಹೆಂಗಸರಿಗೆ ಈ ಏಣಿಯಲ್ಲಿ ಮೆಟ್ಟಿಲುಗಳು ಹೆಚ್ಚು. ಗಂಡಸು ಇಪ್ಪತ್ತೈದರಿಂದ ಐವತ್ತೈದರವರೆಗೆ ಅಣ್ಣ ಇಲ್ಲವೇ ಸರ್ ಆಗಿಯೇ ಇದ್ದುಬಿಡಬಹುದು. ಹೆಣ್ಣನ್ನು ನೋಡಿದ ಕೂಡಲೇ ಕೊರಳಲ್ಲಿ ತಾಳಿಯಿದೆಯೇ, ತಲೆಯಲ್ಲಿ ಬಿಳಿಕೂದಲಿದೆಯೇ, ಕಂಕುಳಲ್ಲಿ ಮಗುವಿದೆಯೇ ಎಂದು ಲೆಕ್ಕ ಹಾಕಿ ಕರೆಯುತ್ತಾರೆ. ನನಗೆ ಗೊತ್ತಿರುವ ಹೆಂಗಸರಲ್ಲಿ ಮೊದಲ ಸಲ ‘ಆಂಟಿ’ ಎನ್ನಿಸಿಕೊಂಡ ಜಾಗ ಯಾವುದು, ಕರೆದವರು ಯಾರು ಎಂದು ನೆನಪಿಲ್ಲದವರು ಕಡಿಮೆ. ಅದೇ ಹೆಂಗಸರು ‘ಅಮ್ಮಾ’ ಎಂದು ಕರೆದರೆ ಬೇಸರಪಡುವುದಿಲ್ಲ. ಆಟೋದವರು ‘ಎಲ್ಲಿಗಮ್ಮಾ?’ ಎಂದರೆ ಇಪ್ಪತ್ತರವಳೂ ಹತ್ತುತ್ತಾಳೆ, ಎಪ್ಪತ್ತರವಳೂ ಹತ್ತುತ್ತಾಳೆ. ಕಾರಣ, ನಾವು ಅಮ್ಮ ಎಂಬುದನ್ನು ವಯಸ್ಸಿಗೆ ಕಟ್ಟಿಹಾಕಿಲ್ಲ. ಅಂಗಳದಲ್ಲಿ ಆಡುವ ಮೂರು ವರ್ಷದ ಕೂಸಿಗೂ ‘ಬಾರಮ್ಮ, ಊಟ ಮಾಡಮ್ಮ’ ಎನ್ನುತ್ತೇವೆ, ಗಂಡು ಮಗುವಿಗೆ ‘ಹೇಳಪ್ಪ’ ಎನ್ನುತ್ತೇವೆ. ಹುಟ್ಟಿನಿಂದ ಕೇಳಿಸಿಕೊಂಡು ಬಂದ ಪದ ಮುಪ್ಪಿನಲ್ಲಿ ಚುಚ್ಚುವುದಿಲ್ಲ. ಆಂಟಿ ಎಂಬ ಪದಕ್ಕೆ ನಮ್ಮಲ್ಲಿ ಬಾಲ್ಯವೇ ಇಲ್ಲ. ಅದು ಒಂದು ದಿನ ಏಕಾಏಕಿ ಬಂದು, ಇಂದಿನಿಂದ ನೀನು ಆ ಗುಂಪಿನವಳಲ್ಲ, ಈ ಗುಂಪಿನವಳು ಎಂದು ಹೇಳಿ ಹೋಗುತ್ತದೆ.

ಲಗ್ನಪತ್ರಿಕೆಗಳಲ್ಲಿ ಈ ಮೆಟ್ಟಿಲುಗಳೆಲ್ಲ ಮುದ್ರಣಗೊಂಡೇ ಬರುತ್ತವೆ. ಮದುವೆಯಾಗುವ ತನಕ ಚಿ., ಹುಡುಗಿಗೆ ಚಿ. ಸೌ., ಆಮೇಲೆ ಶ್ರೀ, ಶ್ರೀಮತಿ, ಕೊನೆಗೆ ಲಿಂಗೈಕ್ಯ ಅಥವಾ ದಿವಂಗತ. ಮನೆಗೆ ಪತ್ರಿಕೆ ಬಂದರೆ ಹಿರಿಯರು ಮೊದಲು ಓದುವುದು ಮುಹೂರ್ತವನ್ನಲ್ಲ, ಕೆಳಗಿನ ಆಹ್ವಾನಿಸುವವರ ಸಾಲನ್ನು. ತಮ್ಮ ಹೆಸರು ಇದೆಯೇ, ಎಷ್ಟನೆಯದು, ಮುಂದೆ ಏನು ಹಾಕಿದ್ದಾರೆ ಎಂದು ಕನ್ನಡಕ ಸರಿಸಿ ನೋಡುತ್ತಾರೆ. ಇದನ್ನು ಸಣ್ಣತನ ಎಂದು ತಳ್ಳಿಹಾಕುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ವರ್ಷದಲ್ಲಿ ಅವರ ಪೂರ್ತಿ ಹೆಸರನ್ನು ಬೇರೆಯವರು ಬರೆಯುವ ಸಂದರ್ಭಗಳೇ ಬೆರಳೆಣಿಕೆಯವು. ಉಳಿದ ದಿನಗಳಲ್ಲಿ ಅವರು ಯಾರದೋ ಅಜ್ಜ, ಯಾರದೋ ಅತ್ತೆ, ಮೂರನೇ ಕ್ರಾಸಿನ ಮುದುಕರು.

ಅದಕ್ಕೇ ನಾನು ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಹೇಳುವುದು ಒಂದೇ: ಪಾಸ್‌ಬುಕ್ಕು ಕೈಯಲ್ಲಿದೆಯಲ್ಲ, ಅದರ ಮೇಲೆ ಹೆಸರಿದೆ, ಓದಿ ಕರೆಯಿರಿ. ‘ಗೌರಮ್ಮನೋರೇ’, ‘ಹಾಲಪ್ಪನೋರೇ’ ಎಂದರೆ ಹೆಸರೂ ಉಳಿಯುತ್ತದೆ, ಮರ್ಯಾದೆಯೂ ಸಲ್ಲುತ್ತದೆ. ಪ್ಯಾಂಟಿನವರಿಗೂ ಪಂಚೆಯವರಿಗೂ ಒಂದೇ ಕರೆ. ಸಹಿ ಮಾಡಿದ ಆ ಅಕ್ಕೋರು ಮುಂದಿನ ಸಲ ಬಂದಾಗ ಅದೇ ಹುಡುಗ ಅವರನ್ನು ಹೆಸರು ಹಿಡಿದು, ‘ನೋರೇ’ ಸೇರಿಸಿ ಕರೆದ. ಅವರು ಅವನ ಊರು, ಓದು ಎಲ್ಲವನ್ನೂ ವಿಚಾರಿಸಿಕೊಂಡು ಹೋದರು.

ನೀನು ಎನ್ನುವವರು

ಇಷ್ಟೆಲ್ಲ ಬರೆದ ಮೇಲೆ ನನ್ನ ಬಗ್ಗೆಯೂ ಹೇಳಬೇಕು. ಕುರ್ಚಿಯ ಮೇಲಿನ ‘ಮೇಡಂ’ ಹೋಗುವುದರ ಬಗ್ಗೆ ನನಗೆ ಅಷ್ಟೇನೂ ಚಿಂತೆಯಿಲ್ಲ. ನನಗೆ ಕೊರತೆಯಾಗಿ ಕಾಣುತ್ತಿರುವುದು ಮರ್ಯಾದೆಯಲ್ಲ, ಅದರ ಎದುರಿನದು. ನನ್ನನ್ನು ನೀನು ಎನ್ನುವವರು ಕಡಿಮೆಯಾಗುತ್ತಿದ್ದಾರೆ. ಅಪ್ಪ ಹೋದರು, ಅವ್ವ ಹೋದಳು, ಜಗಲಿಯ ಮೇಲೆ ಕೂತು ‘ಯಾಕೇ, ಎಲ್ಲಿಗೆ ಹೊಂಟಿ?’ ಎಂದು ತಡೆಯುತ್ತಿದ್ದ ಹಿರಿಯರೆಲ್ಲ ಹೋದರು. ಉಳಿದಿರುವವರು ದುರ್ಗದ ಅಣ್ಣ ಮತ್ತು ಅಲ್ಲಿಯೇ ಇರುವ ಸೋದರತ್ತೆ. ತೊಂಬತ್ತರ ಹತ್ತಿರವಿರುವ ಅತ್ತೆಗೆ ನಾನು ಇಂದಿಗೂ ‘ಪುಟ್ಟಿ’. ಫೋನು ಮಾಡಿದರೆ ‘ಉಂಡೇನೇ ಪುಟ್ಟಿ?’ ಎಂದೇ ಮಾತು ಶುರು. ಆ ಏಕವಚನದಲ್ಲಿ ನಾನು ಸ್ವಲ್ಪ ಹೊತ್ತಿಗೆ ಯಾರಿಗೂ ಹಿರಿಯಳಲ್ಲ, ಯಾರ ಜವಾಬ್ದಾರಿಯೂ ನನ್ನ ತಲೆಯ ಮೇಲಿಲ್ಲ. ಸುತ್ತ ಎಲ್ಲರೂ ನೀವು ಎನ್ನತೊಡಗಿದ ಮೇಲೆ ಮನುಷ್ಯನಿಗೆ ತಪ್ಪು ಮಾಡುವ, ಬೈಸಿಕೊಳ್ಳುವ, ಮುನಿಸಿಕೊಳ್ಳುವ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ನಮ್ಮ ಕಡೆಯ ಮಠಗಳಲ್ಲಿ ಮೂವತ್ತರ ಸ್ವಾಮಿಗಳಿಗೂ ಎಂಬತ್ತರ ಭಕ್ತರು ‘ಬುದ್ಧಿ, ತಾವು’ ಎನ್ನುವುದನ್ನು ನೋಡಿದಾಗ, ಇಷ್ಟು ಚಿಕ್ಕ ವಯಸ್ಸಿಗೆ ಇವರನ್ನು ನೀನು ಎನ್ನುವವರು ಒಬ್ಬರಾದರೂ ಉಳಿದಿದ್ದಾರೆಯೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮೇಲಿನಿಂದ ಬರುತ್ತಿದ್ದ ‘ನೀನು’ ನಿಲ್ಲುತ್ತ ಬಂದರೂ ಕೆಳಗಿನಿಂದ ಇನ್ನೊಂದು ಬರುತ್ತಿದೆ. ನನ್ನ ಮೊಮ್ಮಗಳಿಗೆ ಈಗ ಮಾತು ಚೆನ್ನಾಗಿ ಬರುತ್ತದೆ. ‘ಅಜ್ಜಿ, ನೀನು ಇಲ್ಲಿ ಕೂತ್ಕೋ, ನೀನು ಸ್ಟೂಡೆಂಟು’ ಎಂದು ನನ್ನನ್ನು ನೆಲದ ಮೇಲೆ ಕೂರಿಸಿ ತಾನು ಟೀಚರಾಗುತ್ತಾಳೆ. ಸರಿಯಾಗಿ ಉತ್ತರ ಹೇಳದಿದ್ದರೆ ಗದರಿಸುತ್ತಾಳೆ. ಅಷ್ಟರಲ್ಲಿ ನನ್ನ ಮಗ ಒಳಗಿನಿಂದ ಬಂದು, ‘ಅಜ್ಜಿಗೆ ನೀನು ಅನ್ನಬಾರದು ಪುಟ್ಟಾ, ನೀವು ಅನ್ನಬೇಕು, ಕೂತ್ಕೊಳ್ಳಿ ಅನ್ನು’ ಎಂದು ತಿದ್ದುತ್ತಾನೆ. ಈಗಲೇ ಕಲಿಸದಿದ್ದರೆ ಹೊರಗೆ ಹಿರಿಯರ ಎದುರು ಹೀಗೇ ಮಾತಾಡುತ್ತಾಳೆ ಎಂಬುದು ಅವನ ಭಯ. ಹೊರಗಿನವರಿಗೆ ನೀವು ಎನ್ನಲು ಕಲಿಸು, ಹಮಾಲಿ ಮಾಡುವವರಿಗೂ ಮನೆ ಕೆಲಸದವರಿಗೂ ಆಟೋದವರಿಗೂ ತಪ್ಪದೆ ನೀವು ಎನ್ನಲು ಕಲಿಸು, ನನ್ನನ್ನು ಮಾತ್ರ ಬಿಟ್ಟುಬಿಡು ಎಂದು ನಾನು ಹೇಳುತ್ತೇನೆ. ಒಂದೇ ಮನೆಯಲ್ಲಿ ಎರಡು ನಿಯಮ ಇಟ್ಟರೆ ಮಗುವಿಗೆ ಗೊಂದಲವಾಗುತ್ತದೆ ಎಂದು ಸೊಸೆ ಅವನ ಪರ ವಹಿಸುತ್ತಾಳೆ. ನಾವೆಲ್ಲ ಅಪ್ಪ ಅವ್ವನಿಗೆ ನೀನು ಎನ್ನುತ್ತ, ಬೀದಿಯ ಹಿರಿಯರಿಗೆ ನೀವು ಎನ್ನುತ್ತ ಯಾವ ಗೊಂದಲವೂ ಇಲ್ಲದೆ ಬೆಳೆದವರಲ್ಲವೇ ಎಂಬುದು ನನ್ನ ವಾದ. ಕಳೆದ ಭಾನುವಾರವೂ ಇದೇ ಚರ್ಚೆ ನಡೆಯಿತು, ತೀರ್ಮಾನವಾಗಲಿಲ್ಲ. ಮೊಮ್ಮಗಳು ಅಪ್ಪನ ಎದುರಿಗೆ ‘ಅಜ್ಜಿ ಬನ್ನಿ’ ಎನ್ನುತ್ತಾಳೆ, ಅವನು ಆಫೀಸಿಗೆ ಹೋದ ಮೇಲೆ ‘ಅಜ್ಜಿ ಬಾ’ ಎನ್ನುತ್ತಾಳೆ. ಸದ್ಯಕ್ಕೆ ನಾನು ಅವಳನ್ನು ತಿದ್ದುತ್ತಿಲ್ಲ.